ಸಾಲಿನೊಳಗಿನ ದಾಯಾದಿ

"ಏ, ಅದು ರಾಗಿ ಕಣ್ ಮಗ! ಯಾಕ್ ಕಿತ್ತೆ?"

ಕಿತ್ತದ್ದು ಇನ್ನೂ ನನ್ನ ಕೈಯಲ್ಲೇ ಇದೆ. ಬೇರಿಗೆ ಕೆಮ್ಮಣ್ಣು ಅಂಟಿದೆ, ಮೇಲೆ ಗೇಣುದ್ದದ ನಾಲ್ಕು ಗರಿ. ದೊಡ್ಡವ್ವ ಎರಡು ಸಾಲು ಆಚೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ, ನನ್ನ ಕಡೆ ಮುಖ ಕೂಡ ಮಾಡಿಲ್ಲ. ಮತ್ತೆ ಹೇಗೆ ಗೊತ್ತಾಯಿತು?

"ಸದ್ದೇ ಹೇಳ್ತದೆ. ರಾಗಿ ಹಂಗೇ ಬಂದ್ಬುಡ್ತದೆ. ಅದು ಅಷ್ಟ್ ಸಲೀಸಾಗಿ ಬರಾಕಿಲ್ಲ."

'ಅದು' ಎಂದರೆ ಕಾಡುರಾಗಿ. ಬೆಳಗ್ಗೆ ಏಳರಿಂದ ನಾವು ಹುಡುಕುತ್ತಿರುವುದು ಅದನ್ನೇ. ಈಗ ಎಂಟೂವರೆ. ಇಷ್ಟು ಹೊತ್ತಿನಲ್ಲಿ ನಾನು ಎಷ್ಟು ಕಾಡುರಾಗಿ ಕಿತ್ತೆ, ಎಷ್ಟು ರಾಗಿ ಕಿತ್ತೆ ಎಂಬ ಲೆಕ್ಕ ನನ್ನ ಬೆನ್ನ ಹಿಂದಿನ ಗುಡ್ಡೆಯಲ್ಲಿದೆ. ತಿರುಗಿ ನೋಡಲು ಧೈರ್ಯವಿಲ್ಲ.

ಮಾಗಡಿ ಸೀಮೆಯ ಒಂದೂವರೆ ಎಕರೆ ಹೊಲ. ಪುಷ್ಯ ಮಳೆ ಮೂರು ದಿನ ಸುರಿದು, ನಿನ್ನೆ ಮಧ್ಯಾಹ್ನದಿಂದ ಹೊಳವಾಗಿದೆ. ಮಣ್ಣು ಕೈಗೆ ಅಂಟುವಷ್ಟು ಹಸಿಯಿಲ್ಲ, ಉಗುರು ಇಳಿಯದಷ್ಟು ಗಟ್ಟಿಯೂ ಇಲ್ಲ. ಕಳೆ ಕೀಳಲು ಇದೇ ಹದ. ಇನ್ನು ಎರಡು ಬಿಸಿಲು ಕಾದರೆ ನೆಲ ಬಿರುಸಾಗಿ, ಎಳೆದ ಹುಲ್ಲು ಬುಡದಲ್ಲಿ ತುಂಡಾಗಿ ಬೇರು ಒಳಗೇ ಉಳಿಯುತ್ತದೆ. ಅದಕ್ಕೇ ಈ ಅವಸರ, ಅದಕ್ಕೇ ಬೆಂಗಳೂರಿನಿಂದ ಬಂದ ನನ್ನಂಥ ಅರೆಬರೆ ಕೂಲಿಗೂ ಒಂದು ಸಾಲು ಸಿಕ್ಕಿದೆ.

ಬನ್ನಿ, ನೀವೂ ಕೂರಿ. ಉಟ್ಟಿದ್ದನ್ನು ಮೊಣಕಾಲ ಮೇಲೆ ಸಿಕ್ಕಿಸಿಕೊಳ್ಳಿ. ಕುಂಡೆ ಊರಬೇಡಿ, ಊರಿದರೆ ಏಳುವಾಗ ನಾಲ್ಕು ಪೈರು ಮಲಗಿರುತ್ತವೆ. ಎಡಗಾಲು ಒಂದು ಸಾಲಿನ ಈಚೆ, ಬಲಗಾಲು ಆಚೆ. ಈಗ ಮುಂದೆ ನೋಡಿ. ಒಂದಡಿ ಅಂತರಕ್ಕೊಂದು ಹಸಿರು ಗೆರೆ, ಗೆರೆಯ ತುಂಬ ಗರಿ. ನಡುವೆ ಅಲ್ಲಲ್ಲಿ ಅವರೆಯ ಅಗಲ ಎಲೆಯ ಅಕ್ಕಡಿ ಸಾಲು. ಅವರೆಯನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಕಾಂಗ್ರೆಸ್ ಗಿಡ ಬಂದರೆ ಮಕ್ಕಳೂ ಕೀಳುತ್ತಾರೆ. ಹುಲ್ಲಿನ ನಡುವಿನ ಹುಲ್ಲನ್ನು ಹೆಕ್ಕುವಾಗಲೇ ಕಣ್ಣು ಸೋಲುವುದು.

ನಿನ್ನೆ ಸಂಜೆ ಎಡೆಕುಂಟೆ ಹಾಯಿಸಿದ್ದಾರೆ. ಸಾಲು ಸಾಲಿನ ನಡುವೆ ಇದ್ದ ಕಸವೆಲ್ಲ ಬೇರು ಮೇಲಾಗಿ ಬಿಸಿಲಿಗೆ ಬಾಡುತ್ತಿದೆ. ಕುಂಟೆಗೆ ಯಾವ ಹುಲ್ಲಿನ ಗುರುತೂ ಬೇಕಿಲ್ಲ. ಸಾಲಿನ ಆಚೆ ಇದ್ದದ್ದೆಲ್ಲ ಕಳೆ, ಅಷ್ಟೇ ಅದರ ಶಾಸ್ತ್ರ. ಕುಂಟೆಯ ಕೈಗೆ ಸಿಗದೆ ಉಳಿದದ್ದು ಸಾಲಿನೊಳಗಿನ ಹುಲ್ಲು. ಬೀಜ ಬಿದ್ದ ಜಾಗದಲ್ಲೇ, ರಾಗಿಯ ಪಕ್ಕದಲ್ಲೇ, ಅದರದೇ ಎತ್ತರದಲ್ಲಿ, ಅದರಂತೆಯೇ ಗರಿ ಬಿಟ್ಟುಕೊಂಡು ನಿಂತಿದೆ. ಅದಕ್ಕೆ ಬೆರಳೇ ಆಗಬೇಕು.

ಮೊದಲ ಅರ್ಧ ಗಂಟೆ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು, ಮೇಲಿಂದ ನೋಡಿದ್ದು. ಮೇಲಿಂದ ಕಾಣುವುದು ಗರಿಗಳ ಗೊಂಚಲು. ಎರಡೂ ಹಸಿರು, ಎರಡಕ್ಕೂ ನಡುನರ, ಎರಡೂ ಚಿಗುರುವಾಗ ಉದ್ದುದ್ದಕ್ಕೆ ಮಡಚಿಕೊಂಡು ಬರುತ್ತವೆ. ಸೋತು ಫೋನು ತೆಗೆದೆ. ಗಿಡದ ಚಿತ್ರ ಹಿಡಿದರೆ ಹೆಸರು ಹೇಳುವ ಆ್ಯಪ್ ಒಂದಿದೆ ನನ್ನ ಬಳಿ. ಮೊದಲ ಚಿತ್ರಕ್ಕೆ ಗರಿಕೆ ಎಂದಿತು. ಎರಡನೆಯದಕ್ಕೆ ರಾಗಿ. ಮೂರನೆಯದಕ್ಕೆ ಮೆಕ್ಕೆಜೋಳ. ಮೂರೂ ಒಂದೇ ಗಿಡದ ಚಿತ್ರ.

"ಅದುಕ್ಕೆ ಬುಡ ತೋರಿಸಿದ್ಯಾ?" ಅಂದಳು ದೊಡ್ಡವ್ವ.

"ಇಲ್ಲ, ಮೇಲಿಂದ ಹಿಡಿದೆ."

"ಮತ್ತೆ?"

ಆ 'ಮತ್ತೆ'ಯ ಮುಂದೆ ನನಗೂ ಫೋನಿಗೂ ಉತ್ತರವಿರಲಿಲ್ಲ.

ಈಗ ಅವಳೇ ಎದ್ದು ನನ್ನ ಸಾಲಿಗೆ ಬಂದಿದ್ದಾಳೆ. ಬಲಗೈಯ ಕುಡ್ಲನ್ನು ಸೊಂಟಕ್ಕೆ ಸಿಕ್ಕಿಸಿ, ಎಡಗೈಯಲ್ಲಿ ಗರಿಗಳನ್ನು ಕೂದಲು ಬಾಚಿದ ಹಾಗೆ ಒಂದು ಕಡೆಗೆ ಒತ್ತುತ್ತಾಳೆ. ಬುಡ ಕಾಣಿಸುತ್ತದೆ. "ಇಲ್ ನೋಡು. ತಲೆ ನೋಡ್ಬ್ಯಾಡ."

ನೋಡೋಣ. ಎಡಗಡೆಯದು ರಾಗಿ. ಬುಡ ಸುಮಾರು ಪೆನ್ಸಿಲಿನ ಅರ್ಧ ದಪ್ಪ, ಮಣ್ಣಿನಿಂದ ನೆಟ್ಟಗೆ ಮೇಲಕ್ಕೆ ಹೋಗಿದೆ. ಪಕ್ಕದಲ್ಲಿ ಆಗತಾನೆ ಹೊಡೆದ ತೆಂಡೆ ಎರಡು, ಅವೂ ತಾಯಿಗೆ ಅಂಟಿಕೊಂಡೇ ನಿಂತಿವೆ. ಬಲಗಡೆಯದು ಬೇರೆ. ಅದರ ತೆಂಡೆಗಳು ಹುಟ್ಟಿದ ಕೂಡಲೇ ಹೊರಕ್ಕೆ ಬಾಗಿವೆ, ಗಾಡಿ ಚಕ್ರದ ಅರೆಕಾಲುಗಳ ಹಾಗೆ ನಡುವಿನಿಂದ ಸುತ್ತಲೂ ಚಾಚಿವೆ. ಎತ್ತರಕ್ಕೆ ಹೋಗಲು ಅದಕ್ಕೆ ಆತುರವಿಲ್ಲ, ಮೊದಲು ನೆಲ ಹಿಡಿಯಬೇಕು. ಸುತ್ತ ರಾಗಿ ಒತ್ತಾಗಿರುವುದರಿಂದ ಗರಿಗಳ ತುದಿ ಮಾತ್ರ ಮೇಲೆದ್ದಿದೆ. ಮೇಲಿಂದ ನೋಡಿದವನು ಮೋಸ ಹೋಗುವುದು ಅಲ್ಲೇ.

ಬಣ್ಣವನ್ನೂ ನೋಡಿ. ಕಾಡುರಾಗಿಯ ಬುಡ ಬೆಳ್ಳಗಿದೆ. ಬರಿ ತಿಳಿಹಸಿರಲ್ಲ, ತೊಳೆದ ಬೆಳ್ಳುಳ್ಳಿ ತೊಗಟೆಯ ಹೊಳಪಿನ ಬಿಳುಪು. ಒಂದರ ಮೇಲೊಂದು ಕೂತ ಎಲೆತೊಟ್ಟುಗಳ ಹಾಳೆಗಳು ಇಸ್ತ್ರಿ ಮಾಡಿ ಮಡಚಿದ ಹಾಗೆ ಚಪ್ಪಟೆ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹೊರಳಿಸಲು ನೋಡಿ. ಹೊರಳುವುದಿಲ್ಲ, ಜಾರುತ್ತದೆ. ಕಾಡುರಾಗಿಯನ್ನು ಪುಸ್ತಕಗಳು ಗುರುತಿಸುವುದೂ ಚಪ್ಪಟೆ ಕಾಂಡ ಮತ್ತು ಬೆಳ್ಳಿಬಿಳುಪಿನ ಬುಡದಿಂದಲೇ. ಆದರೆ ರಾಗಿಯ ಬುಡವೂ ತುಸು ಚಪ್ಪಟೆಯೇ ಎಂಬುದನ್ನು ಬೆರಳಿಟ್ಟು ನೋಡಿದವರಿಗೆ ಹೇಳಬೇಕಿಲ್ಲ. ಹಾಗಾಗಿ ಚಪ್ಪಟೆ ಎಂಬ ಒಂದೇ ಗುಣ ಹಿಡಿದು ಕೂತರೆ ಮತ್ತೆ ರಾಗಿಯನ್ನೇ ಕೀಳುತ್ತೀರಿ. ಬಿಳುಪು, ಚಕ್ರದಂಥ ಹರಡು, ಗರಿಯ ಕಿರಿದು, ಎಳೆದಾಗಿನ ಬಿಗಿ, ಈ ನಾಲ್ಕೂ ಒಟ್ಟಿಗೆ ಸಾಕ್ಷಿ ಹೇಳಬೇಕು. ದೊಡ್ಡವ್ವನ ಕೈ ಅರೆಕ್ಷಣದಲ್ಲಿ ನಾಲ್ವರನ್ನೂ ಕೇಳಿ ತೀರ್ಪು ಕೊಡುತ್ತದೆ.

"ಎಳೀ ಈಗ."

ಎಳೆಯುತ್ತೇನೆ. ಬರುವುದಿಲ್ಲ. ಹಸಿ ಮಣ್ಣಿನಲ್ಲೂ ಬರುವುದಿಲ್ಲ. ಬೆರಳಿಗೆ ಸುತ್ತಿ, ಬುಡದ ಹತ್ತಿರ ಹಿಡಿದು, ತುಸು ತಿರುಚಿದಾಗ ಒಂದು ದಪ್ಪ ಬಟ್ಟೆ ಹರಿದ ಸದ್ದು. ಬಂತು. ಬೇರು ನೋಡಿದರೆ ತಾಯಿಬೇರೆಂಬುದಿಲ್ಲ, ಕೈತುಂಬ ನಾರು, ಪ್ರತಿ ನಾರಿಗೂ ಮಣ್ಣಿನ ಕಾಳು. ಹಾಗಾದರೆ ಆಗಲೇ ರಾಗಿ ಕಿತ್ತಾಗ ದೊಡ್ಡವ್ವನಿಗೆ ಕೇಳದೆ ಹೋದ ಸದ್ದು ಇದೇ.

ನನ್ನ ಜೇಬಿನಲ್ಲಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಡಚು ಮಸೂರವಿದೆ. ಬಂದದ್ದಕ್ಕೆ ಅದನ್ನಾದರೂ ಉಪಯೋಗಿಸೋಣ ಎಂದು ಗರಿಯೊಂದನ್ನು ಕಾಂಡದಿಂದ ಮೆಲ್ಲಗೆ ಹಿಂದಕ್ಕೆ ಬಗ್ಗಿಸುತ್ತೇನೆ. ಎಲೆಯ ಹಾಳೆ ಮುಗಿದು ಗರಿ ಶುರುವಾಗುವ ಆ ಮೂಲೆಯಲ್ಲಿ ಒಳಮೈಗೆ ಒಂದು ತೆಳು ಪೊರೆ ನಿಂತಿರುತ್ತದೆ. ಸಸ್ಯಶಾಸ್ತ್ರದವರು ಅದನ್ನು ಲಿಗ್ಯೂಲ್ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಪುಟ್ಟ ನಾಲಗೆ ಎಂದು ಅರ್ಥ. ಹುಲ್ಲಿನ ಕುಲ ಕೇಳುವವರು ಮೊದಲು ಬಾಯಿ ತೆರೆಸಿ ಈ ನಾಲಗೆ ನೋಡುತ್ತಾರೆ. ಮಸೂರದ ಕೆಳಗೆ ಕಾಡುರಾಗಿಯ ನಾಲಗೆ ಒಂದು ಮಿಲಿಮೀಟರಿಗಿಂತ ಗಿಡ್ಡ, ಅಂಚು ಹರಿದ ಕಾಗದದ ಹಾಗೆ, ಅದರ ಮೇಲೆ ಸಣ್ಣ ರೋಮದ ಕುಚ್ಚು. ಗರಿಯ ಕತ್ತಿನ ಎರಡೂ ಪಕ್ಕ ನಾಲ್ಕಾರು ಉದ್ದ ಬಿಳಿ ಕೂದಲು. ಉಳಿದಂತೆ ಮೈಯೆಲ್ಲ ನುಣುಪು.

ರಾಗಿಯ ನಾಲಗೆಯನ್ನೂ ನೋಡಿದೆ. ಹೆಚ್ಚು ಕಡಿಮೆ ಇದರದೇ ಅಚ್ಚು! ಇಲ್ಲಿ ನಾಲಗೆ ತೀರ್ಪು ಕೊಡುವುದಿಲ್ಲ. ಆದರೆ ಮೂರು ಮಾರು ಆಚೆ, ನೀರು ನಿಂತ ತಗ್ಗಿನಲ್ಲಿ ಇನ್ನೊಂದು ಹುಲ್ಲಿತ್ತು, ಗರಿಗೆ ಅಡ್ಡಡ್ಡ ನೇರಳೆ ಪಟ್ಟೆ. ಅದರ ಬಾಯಿ ತೆರೆದರೆ ನಾಲಗೆಯೇ ಇಲ್ಲ. ಗದ್ದೆಗಳಲ್ಲಿ ಬತ್ತದ ಜೊತೆ ಬೆಳೆದು ಕಾಡುವುದೂ ಇದರ ಬಳಗದ ಹುಲ್ಲೇ. ಬತ್ತಕ್ಕೆ ಉದ್ದ ನಾಲಗೆ, ಪಕ್ಕದಲ್ಲಿ ಕಿವಿ. ಆ ಕಳೆಗೆ ಎರಡೂ ಇಲ್ಲ. ಎಳೆಯದರಲ್ಲಿ ಅವೆರಡನ್ನು ಬೇರೆ ಮಾಡಲು ಇದಕ್ಕಿಂತ ನಂಬಿಕೆಯ ಗುರುತು ಸಿಗಲಾರದು.

ಆ ಬತ್ತದ ಕಳೆಯ ಕತೆ ರಷ್ಯದ ನಿಕೊಲಾಯ್ ವಾವಿಲೋವ್ ಹೆಸರಿನ ಜೊತೆ ಸೇರಿಕೊಂಡಿದೆ. ಪ್ರತಿ ವರ್ಷ ಬೇರೆಯಾಗಿ ಕಂಡ ಕಳೆಯನ್ನೆಲ್ಲ ರೈತ ಕೀಳುತ್ತಾನೆ, ಬೆಳೆಯ ಹಾಗೆ ಕಂಡದ್ದು ಕಣ್ತಪ್ಪಿ ಉಳಿದು ಬೀಜ ಉದುರಿಸುತ್ತದೆ. ನೂರಾರು ತಲೆಮಾರಿನ ಮೇಲೆ ಕಳೆ ಬೆಳೆಯದೇ ವೇಷ ತೊಟ್ಟಿರುತ್ತದೆ. ವೇಷ ತೊಡಿಸಿದ್ದು ಕಳೆ ಕೀಳುವ ಕೈಯೇ! ಹೀಗೆ ಹೇಳಿದರೆ ಕಾಡುರಾಗಿಯೂ ಹಾಗೇ ಇರಬೇಕು ಎನ್ನಿಸುತ್ತದೆ. ನಾನು ಒಪ್ಪುವುದಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಸಂದಿಯಲ್ಲಿ, ಶಾಲೆಯ ಆಟದ ಬಯಲಿನಲ್ಲಿ, ಯಾರೂ ರಾಗಿ ಬಿತ್ತದ ಊರುಗಳಲ್ಲೂ ಇದು ಇದೇ ಮುಖದಲ್ಲಿ ಬೆಳೆಯುತ್ತದೆ. ಇದಕ್ಕೆ ರಾಗಿಯ ಹೋಲಿಕೆ ಬಂದದ್ದು ರಕ್ತದಿಂದ, ವೇಷದಿಂದಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಹತ್ತು ಗಂಟೆಗೆ ಮುದ್ದೆ, ಹುರುಳಿಕಾಳಿನ ಸಾರು ಬಂತು. ಬದುವಿನ ಹೊಂಗೆ ಮರದ ಕೆಳಗೆ ಕೂತೆವು. ಹೊಲದೊಳಗೆ ಇನ್ನೂ ತೆನೆಯಿಲ್ಲ, ಬದುವಿನ ಮೇಲೆ ಎಲ್ಲಕ್ಕೂ ತೆನೆ ಬಂದಿದೆ, ಮುಂಗಾರಿಗೆ ಮುಂಚಿನ ಮಳೆಗೇ ಮೊಳೆತವು. ಹುಲ್ಲಿಗೆ ತೆನೆ ಬಂದ ಮೇಲೆ ಗುರುತು ಹಿಡಿಯುವುದು ಸುಲಭ, ಆದರೆ ಅಷ್ಟರಲ್ಲಿ ಕೀಳುವ ಕಾಲ ಮುಗಿದಿರುತ್ತದೆ. ಪುಸ್ತಕದ ಬಹುಪಾಲು ಗುರುತುಗಳೆಲ್ಲ ತೆನೆಯ ಮೇಲೆಯೇ ನಿಂತಿವೆ ಎಂಬುದು ನನ್ನ ಹಳೆಯ ತಕರಾರು.

ಆದರೂ ಊಟವಾದ ಮೇಲೆ ಕೈ ಸುಮ್ಮನಿರಲಿಲ್ಲ. ಕೂತಲ್ಲಿಂದಲೇ ನಾಲ್ಕು ಬಗೆ ಕಿತ್ತು ಕಲ್ಲಿನ ಮೇಲೆ ಜೋಡಿಸಿದೆ. ನಾಲ್ಕಕ್ಕೂ ದಂಟಿನ ತುದಿಯಲ್ಲಿ ಹಕ್ಕಿಯ ಕಾಲಿನ ಹಾಗೆ ಬೆರಳು ಬೆರಳಾಗಿ ತೆನೆ.

ಮೊದಲನೆಯದು ಗರಿಕೆ. ಬೆರಳುಗಳು ನೂಲಿನಷ್ಟು ಸಣ್ಣ. ಇದು ವರ್ಷವರ್ಷ ಸತ್ತು ಹುಟ್ಟುವ ಹುಲ್ಲಲ್ಲ, ನೆಲದ ಮೇಲೆ ಹಬ್ಬಿ ಗೆಣ್ಣು ಗೆಣ್ಣಿಗೂ ಬೇರಿಳಿಸಿ, ನೆಲದೊಳಗೂ ಬಳ್ಳಿ ಬಿಟ್ಟು ಕೂತಿರುವುದು. ಎರಡನೆಯದಕ್ಕೆ ಕೃಷಿ ಪುಸ್ತಕಗಳಲ್ಲಿ ಕೋಣನತಲೆ ಹುಲ್ಲು ಎಂದಿದೆ. ಅದರ ಬೆರಳು ಮೊಂಡ, ದಪ್ಪ. ಪ್ರತಿ ಬೆರಳಿನ ತುದಿಯಲ್ಲೂ ಕಾಳಿಲ್ಲದ ಒಂದು ಬೋಳು ಮೊನೆ ಹೊರಗೆ ಚಾಚಿದೆ. ಅಂಗೈಗೆ ಒತ್ತಿದರೆ ಚುಚ್ಚುತ್ತದೆ. ಕಣ್ಣು ಮುಚ್ಚಿಯೂ ಹೇಳಬಹುದು. ಮೂರನೆಯದರ ಬೆರಳು ಉದ್ದ, ಸಪೂರ, ಅದಕ್ಕೆ ಒತ್ತಿ ಅಂಟಿಕೊಂಡ ಚಪ್ಪಟೆ ಮೊನಚು ಕಾಳು, ಎಲೆಯ ಹಾಳೆಯ ಮೇಲೆ ರೋಮ. ಇದಕ್ಕೇನಂತಾರೆ ಎಂದು ದೊಡ್ಡವ್ವನನ್ನು ಕೇಳಿದೆ.

"ಹುಲ್ಲು," ಅಂದಳು.

ಎಲ್ಲಕ್ಕೂ ಹೆಸರಿರಬೇಕೆಂದೇನಿಲ್ಲ. ಅವಳ ರಾಗಿಗೆ ಹೆಚ್ಚು ತೊಂದರೆ ಕೊಡುವುದಕ್ಕೆ ಮಾತ್ರ ಹೆಸರು.

ಒಂದು ಸಲ ಗೌರಿ ಗಣೇಶ ಹಬ್ಬದ ಬೆಳಗ್ಗೆ ಬೆಂಗಳೂರಿನ ನಮ್ಮ ಬೀದಿಯ ಪಾರ್ಕಿನಿಂದ ಇಪ್ಪತ್ತೊಂದು ಗರಿಕೆ ತಂದಿದ್ದೆ. ಪೂಜೆ ಮುಗಿದ ಮೇಲೆ ಸುಮ್ಮನೆ ಒಂದನ್ನು ಎತ್ತಿ ನೋಡಿದರೆ ಬುಡ ಬೆಳ್ಳಗಿತ್ತು, ಚಪ್ಪಟೆಯಾಗಿತ್ತು. ಎಣಿಸಿದೆ. ಒಂಬತ್ತು ಕಾಡುರಾಗಿ, ಹನ್ನೆರಡು ಗರಿಕೆ. ಗಣಪತಿ ಏನೂ ಅನ್ನಲಿಲ್ಲ. ಮನೆಯಲ್ಲಿ ನಾನೂ ಏನೂ ಅನ್ನಲಿಲ್ಲ.

ನಾಲ್ಕನೆಯದು ಕಾಡುರಾಗಿ. ಅಂಗೈ ಮೇಲಿಟ್ಟು ನೋಡಿ. ಐದು ಬೆರಳು, ನಾಲ್ಕು ಒಂದೇ ಕಡೆಯಿಂದ ಹೊರಟಿವೆ, ಐದನೆಯದು ತುಸು ಕೆಳಗೆ, ಹೆಬ್ಬೆರಳಿನ ಹಾಗೆ ಬೇರೆಯಾಗಿ. ರಾಗಿ ತೆನೆಯಲ್ಲೂ ಎಷ್ಟೋ ಸಲ ಹೀಗೇ ಒಂದು ಕೆಳಗಿರುತ್ತದೆ. ರಾಗಿಯ ಬೆರಳುಗಳು ಮಾಗಿದಾಗ ಒಳಕ್ಕೆ ಮಡಚಿ ಮುಷ್ಟಿ ಕಟ್ಟುತ್ತವೆ. ಇದರವು ಬಿಚ್ಚಿಕೊಂಡೇ ಇರುತ್ತವೆ, ಭಿಕ್ಷೆಗೋ ಆಶೀರ್ವಾದಕ್ಕೋ ಚಾಚಿದಂತೆ. ಬೆರಳನ್ನು ಅಡ್ಡ ತಿರುಗಿಸಿ. ಒಂದು ಮಗ್ಗುಲು ಬರಿ ಹಸಿರು ಪಟ್ಟಿ, ಇನ್ನೊಂದು ಮಗ್ಗುಲಿಗೆ ಎರಡು ಸಾಲು ತೆನೆಗಾಳಿನ ಗೂಡು, ಹೆಣೆದ ಜಡೆಯ ಹಾಗೆ. ತುದಿಯವರೆಗೂ ಗೂಡೇ. ಕೋಣನತಲೆಯ ಮೊನೆ ಇಲ್ಲಿಲ್ಲ.

ಒಣಗಿದ ಒಂದು ಬೆರಳನ್ನು ಅಂಗೈಯಲ್ಲಿ ಉಜ್ಜಿ ಊದಿದೆ. ಹೊಟ್ಟು ಹಾರಿತು. ಉಳಿದದ್ದು ಸಾಸಿವೆಯ ಕಾಲುಭಾಗವೂ ಇಲ್ಲದ ಕೆಂಗಪ್ಪು ಕಣಗಳು. ಕೆಲವಕ್ಕೆ ಇನ್ನೂ ತೆಳುವಾದ ಬಿಳಿ ಪೊರೆ ಅಂಟಿತ್ತು. ಉಗುರಿನಿಂದ ಮುಟ್ಟಿದರೆ ಪೊರೆ ಕಳಚಿ ಕಾಳು ಜಾರುತ್ತದೆ. ಬತ್ತ ಗೋಧಿಗಳಲ್ಲಿ ಈ ಸಿಪ್ಪೆ ಕಾಳಿಗೆ ಬೆಸೆದುಕೊಂಡಿರುತ್ತದೆ. ರಾಗಿಯಲ್ಲೂ ಕಾಡುರಾಗಿಯಲ್ಲೂ ಅದು ಸಡಿಲ ಅಂಗಿ. ಮಸೂರ ಹಿಡಿದೆ. ಕಾಳಿನ ಮೈತುಂಬ ಓರೆ ಓರೆ ಗೆರೆ, ಸಾಲು ಹೊಡೆದ ಹೊಲವನ್ನು ಬೆಟ್ಟದ ಮೇಲಿಂದ ನೋಡಿದ ಹಾಗೆ. ದೊಡ್ಡವ್ವನಿಗೆ ಕೊಟ್ಟೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ಹೆಬ್ಬೆಟ್ಟು ಒತ್ತಿದಂಗದೆ."

ಪಡಿತರ ಅಂಗಡಿಯಲ್ಲಿ ಪ್ರತಿ ತಿಂಗಳು ಹೆಬ್ಬೆಟ್ಟು ಒತ್ತುವವಳಿಗೆ ಹೊಳೆಯುವ ಹೋಲಿಕೆ ಅದು. ನನ್ನ ಹೊಲದ ಹೋಲಿಕೆಗಿಂತ ಇದೇ ಸರಿ, ಗೆರೆ ಇರುವುದು ಹಾಗೆಯೇ. ಸೆರಗಿನ ಗಂಟಿನಿಂದ ಅವಳು ನಾಲ್ಕು ಬಿತ್ತನೆ ರಾಗಿ ತೆಗೆದು ಪಕ್ಕಕ್ಕಿಟ್ಟಳು. ಗುಂಡಗೆ, ಗೆರೆಯಿಲ್ಲದೆ, ಎಷ್ಟೋ ಪಟ್ಟು ದೊಡ್ಡದು. ಕಾಳು ಕಂಡ ಮೇಲೆ ಅನುಮಾನಕ್ಕೆ ಜಾಗವೇ ಇಲ್ಲ.

ಇಷ್ಟರಲ್ಲಿ ಅಂಗೈಯಿಂದ ಅರ್ಧ ಕಾಳು ಸೋರಿಹೋಗಿತ್ತು. ಕಾಡಿನದಕ್ಕೂ ಊರಿನದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ರಾಗಿ ಮಾಗಿದ ಮೇಲೂ ತೆನೆಯಲ್ಲೇ ಕಾಯುತ್ತದೆ. ಕೊಯ್ದು, ಮೆದೆ ಹಾಕಿ, ಕಣದಲ್ಲಿ ರೋಣಗಲ್ಲು ಹೊರಳಿಸಿದರೆ ಅಥವಾ ಈಗಿನವರ ಹಾಗೆ ಟಾರು ರಸ್ತೆಗೆ ಹರಡಿ ಬಸ್ಸು ಲಾರಿ ಹತ್ತಿಸಿದರೆ ಮಾತ್ರ ಬಿಟ್ಟುಕೊಡುತ್ತದೆ. ಕಾಡುರಾಗಿ ಮಾಗಿದ್ದು ಮಾಗಿದ ಹಾಗೆ ಉದುರಿಸುತ್ತದೆ, ಒಂದೊಂದು ಗಿಡ ಹತ್ತಾರು ಸಾವಿರ. ಬರಗಾಲದಲ್ಲಿ ಆಫ್ರಿಕ, ಏಷ್ಯದ ಹಲವೆಡೆ ಜನ ಇದನ್ನೂ ಆಯ್ದು ತಿಂದಿದ್ದಾರೆ. ಉದುರುವುದನ್ನು ಆಯುವ ಕಷ್ಟ ಯೋಚಿಸಿದರೆ ಆ ಹಸಿವಿನ ಅಂದಾಜು ಸಿಗುತ್ತದೆ.

"ದೊಡ್ಡವ್ವ, ಇದೂ ರಾಗಿಯೂ ನೆಂಟರು, ಗೊತ್ತಾ?"

"ಮಕ ನೋಡಿದ್ರೆ ಗೊತ್ತಾಗಾಕಿಲ್ವಾ?"

ಲಿನೆಯಸ್‌ಗೆ ಗೊತ್ತಾಗಿತ್ತು. 1753ರಲ್ಲಿ ಅವನು ಕಾಡುರಾಗಿಗೆ ಇಟ್ಟ ಹೆಸರಿನ ಮೊದಲ ಭಾಗದ ಅರ್ಥ ನಾಯಿಬಾಲ. ಆರು ವರ್ಷದ ನಂತರ ರಾಗಿಯನ್ನೂ ಅದೇ ನಾಯಿಬಾಲದ ಗುಂಪಿಗೆ ಸೇರಿಸಿದ. 1788ರಲ್ಲಿ ಗೇರ್ಟ್‌ನರ್ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞ ಆ ಗುಂಪು ಒಡೆದು ಎಲ್ಯುಸೀನ್ ಎಂಬ ಕುಲ ಕಟ್ಟಿದ. ಗ್ರೀಕರ ಧಾನ್ಯದೇವತೆ ಡಿಮೀಟರ್‌ಳ ಗುಡಿಯಿದ್ದ ಎಲ್ಯುಸಿಸ್ ಊರಿನ ಹೆಸರು ಅದು. ಕಾಡುರಾಗಿ ಎಲ್ಯುಸೀನ್ ಇಂಡಿಕಾ ಆಯಿತು, ರಾಗಿ ಎಲ್ಯುಸೀನ್ ಕೊರಕಾನಾ. ಕೊರಕಾನಾ ಎಂಬುದು ಸಿಂಹಳದ ಕುರಕ್ಕನ್, ಅಂದರೆ ರಾಗಿಯೇ. ಇಂಡಿಕಾ ಎಂಬುದನ್ನು ಮಾತ್ರ ಬಲವಾಗಿ ನಂಬಬೇಡಿ. ಈ ಕುಲದ ಬಹುಪಾಲು ಜಾತಿಗಳ ತವರು ಆಫ್ರಿಕ. ನಮ್ಮ ರಾಗಿಯೂ ಇಥಿಯೋಪಿಯ, ಉಗಾಂಡದ ಎತ್ತರದ ನೆಲದಲ್ಲಿ ಸುಮಾರು ಐದು ಸಾವಿರ ವರ್ಷದ ಹಿಂದೆ ಬೆಳೆಯಾಗಿ, ಆಮೇಲೆ ಕಡಲು ದಾಟಿ ಬಂದದ್ದು.

ಬಂದದ್ದು ಯಾವಾಗ? ತುಂಗಭದ್ರೆಯ ದಂಡೆಯ ಹಳ್ಳೂರನ್ನು 1965ರಲ್ಲಿ ಎಂ. ಎಸ್. ನಾಗರಾಜ ರಾವ್ ಅಗೆಸಿದಾಗ ಸಿಕ್ಕ ಕರಕಲು ಕಾಳುಗಳಲ್ಲಿ ರಾಗಿ ಇದೆ ಎಂದಾಯಿತು. ದೇಶದ ಬೇರೆ ನೆಲೆಗಳಿಂದಲೂ ಅಂಥ ವರದಿ ಬಂದವು. ಆಮೇಲೆ ಡೋರಿಯನ್ ಫುಲ್ಲರ್ ಎಂಬ ಪುರಾತತ್ವ ಸಸ್ಯತಜ್ಞ ಅಂಥ ಗುರುತುಗಳನ್ನೆಲ್ಲ ಮರುಪರೀಕ್ಷಿಸಿ, ಹಳೆಯ ರಾಗಿ ಎಂದುಕೊಂಡದ್ದರಲ್ಲಿ ಬಹಳಷ್ಟು ರಾಗಿಯಲ್ಲ, ಬೇರೆ ಕಿರುಧಾನ್ಯಗಳ ಕಾಳು ಎಂದು ವಾದಿಸಿದ. ಸುಟ್ಟ ಕಾಳಿಗೆ ಬುಡವೂ ಇಲ್ಲ, ನಾಲಗೆಯೂ ಇಲ್ಲ. ಪ್ರಯೋಗಾಲಯದಲ್ಲಿ ಕೂತವರಿಗೇ ಹಾಗಾದರೆ ಇಪ್ಪತ್ತೈದು ದಿನದ ಪೈರಿನ ಮುಂದೆ ನನ್ನದೇನು ಎಂದು ಸಮಾಧಾನ ಮಾಡಿಕೊಂಡೆ.

ನೆಂಟಸ್ತಿಕೆಯ ಉಳಿದ ಭಾಗವನ್ನು ದೊಡ್ಡವ್ವನಿಗೆ ಹೇಳುವುದು ಕಷ್ಟವಾಯಿತು. ಕಾಡುರಾಗಿಯ ಜೀವಕೋಶದಲ್ಲಿ 18 ವರ್ಣತಂತು, ರಾಗಿಯಲ್ಲಿ 36. ಬಹಳ ಹಿಂದೆ ಎರಡು ಬೇರೆ ಬೇರೆ ಹುಲ್ಲು ಕೂಡಿ, ಇಬ್ಬರ ಗಂಟೂ ಪೂರ್ತಿಯಾಗಿ ಒಂದೇ ಮನೆಗೆ ಬಂದು ರಾಗಿಯ ವಂಶ ಹುಟ್ಟಿತು. ಅದರಲ್ಲಿ ಒಂದು ಗಂಟು ಕಾಡುರಾಗಿಯ ಕಡೆಯದು. ಹಸಿರುಕಣದ ಡಿಎನ್ಎ ತಾಯಿಯಿಂದ ಬರುವಂಥದ್ದು, ಅದು ಹೊಂದಿಕೊಳ್ಳುವುದರಿಂದ ಇದು ತಾಯಿಯ ಕಡೆ ಎನ್ನುತ್ತಾರೆ. ಇನ್ನೊಂದು ಗಂಟು ಕೊಟ್ಟವರು ಯಾರೆಂದು ಇಂದಿಗೂ ಖಚಿತವಾಗಿಲ್ಲ.

ದೊಡ್ಡವ್ವ ಎಲೆಅಡಿಕೆ ಮಡಚುತ್ತಿದ್ದವಳು ನಿಲ್ಲಿಸಿದಳು. "ರಾಗಿಗೆ ಅಪ್ಪ ಯಾರೂಂತ ಗೊತ್ತಿಲ್ವಾ?"

"ಇನ್ನೂ ಇಲ್ಲ."

"ಇದು ತಾಯಿ ಕಡೇದಾ?"

"ಹಂಗಂತಾರೆ."

ಎಲೆ ಬಾಯಿಗಿಟ್ಟು ಸ್ವಲ್ಪ ಹೊತ್ತು ಅಗಿದಳು. "ಸುಳ್ಳು. ತಾಯಿ ಕಡೆಯೋರು ಹಬ್ಬಕ್ಕೆ ಬತ್ತಾರೆ, ಹೊಲಕ್ಯಾಕ್ ಬತ್ತಾರೆ? ಹೊಲಕ್ಕೆ ಬರೋರು ದಾಯಾದಿಗಳೇ."

ಇದಕ್ಕೆ ಯಾವ ಪ್ರಯೋಗಾಲಯ ಉತ್ತರ ಕೊಟ್ಟೀತು! ಅದೇ ನೀರು, ಅದೇ ಗೊಬ್ಬರ, ಅದೇ ಬಿಸಿಲಿಗೆ ಪಾಲು ಕೇಳುವುದು. ರೋಗದಲ್ಲೂ ಪಾಲುಂಟು. ಬದುವಿನ ಒಂದು ಕಾಡುರಾಗಿ ಗರಿಯ ಮೇಲೆ ಕದಿರಿನಾಕಾರದ, ನಡುವೆ ಬೂದು ಅಂಚಿಗೆ ಕಂದು ಬಣ್ಣದ ಮಚ್ಚೆಗಳಿದ್ದವು. ರಾಗಿಯ ಕತ್ತು ಹಿಚುಕಿ ತೆನೆ ಜೊಳ್ಳು ಮಾಡುವ ಬೆಂಕಿರೋಗದ ಮಚ್ಚೆ ಇರುವುದೂ ಹೀಗೆಯೇ, ಅದರ ಶಿಲೀಂಧ್ರ ಈ ಹುಲ್ಲಿನಲ್ಲೂ ಬಿಡಾರ ಹೂಡುತ್ತದೆ. ದೊಡ್ಡವ್ವ ಅದನ್ನು ಕಿತ್ತು ಬೇರೆಯೇ ಇಟ್ಟಳು.

ರಾಗಿಗೆ ದೂರದ ನೆಂಟರನ್ನು ಬೇಕೆಂದೇ ತಂದವರೂ ಇದ್ದರು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದು ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ಸಿ. ಎಚ್. ಲಕ್ಷ್ಮಣಯ್ಯ ಇಲ್ಲಿಯ ರಾಗಿಗೆ ಆಫ್ರಿಕದ ರಾಗಿ ತಳಿಗಳನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಇಂಡಿಯ, ಆಫ್ರಿಕ ಸೇರಿ ಇಂಡಾಫ್. "ಇಂಡಾಪು ಬಂದ ವರ್ಸ ಗುಡಾಣ ಸಾಲ್ದೆ ಹೋಯ್ತು" ಎಂದು ದೊಡ್ಡವ್ವ ಈಗಲೂ ಹೇಳುತ್ತಾಳೆ. ಸಾವಿರಾರು ವರ್ಷದ ಹಿಂದೆ ಬೇರೆಯಾಗಿ ಹೋದ ಒಂದೇ ಮನೆಯವರನ್ನು ಅವರು ಮತ್ತೆ ಒಂದು ಪಂಕ್ತಿಯಲ್ಲಿ ಕೂರಿಸಿದರು.

ಆಚೆಯ ಹೊಲದವರು ಬಿತ್ತಿದ ಮರುದಿನವೇ ಕಳೆನಾಶಕ ಹೊಡೆದಿದ್ದಾರೆ, ಸಾಲು ಚೊಕ್ಕಟವಾಗಿದೆ. ಕೂಲಿ ಸಿಗದ ಕಾಲದಲ್ಲಿ ಅವರನ್ನು ಆಡಿಕೊಳ್ಳುವಂತಿಲ್ಲ. ಆದರೆ ಈ ಹುಲ್ಲು ಸಾಮಾನ್ಯದ್ದಲ್ಲ. 1977ರಲ್ಲಿ ಹೋಮ್ ಮತ್ತು ಸಂಗಡಿಗರು ಜಗತ್ತಿನ ಅತಿ ಕೆಟ್ಟ ಕಳೆಗಳ ಪಟ್ಟಿ ಮಾಡಿದಾಗ ಇದು ಐದನೆಯ ಸ್ಥಾನದಲ್ಲಿತ್ತು. ಮೊದಲನೆಯದು ಜೇಕು, ಎರಡನೆಯದು ಗರಿಕೆ. ಎಲ್ಲ ಹಸಿರನ್ನೂ ಕೊಲ್ಲುತ್ತದೆಂದು ಹೆಸರಾದ ಗ್ಲೈಫೊಸೇಟ್‌ಗೂ ಬಗ್ಗದ ಕಾಡುರಾಗಿ 1997ರಲ್ಲೇ ಮಲೇಷ್ಯದ ತೋಟವೊಂದರಲ್ಲಿ ಕಾಣಿಸಿಕೊಂಡಿತು.

"ಅದುಕ್ಕೂ ಒಗ್ಗೋಯ್ತಾ?" ದೊಡ್ಡವ್ವನ ದನಿಯಲ್ಲಿ ಅರ್ಧ ಸಿಟ್ಟು, ಅರ್ಧ ಮೆಚ್ಚುಗೆ.

ಮತ್ತೆ ಸಾಲಿಗೆ ಇಳಿದೆವು. ಈಗ ನಾನು ಮೇಲೆ ನೋಡುವುದು ಬಿಟ್ಟಿದ್ದೇನೆ. ಎಡಗೈ ಗರಿ ಒತ್ತುತ್ತದೆ, ಬಲಗೈ ಬೆರಳು ಬುಡಕ್ಕೆ ಇಳಿಯುತ್ತದೆ. ನೆಟ್ಟಗಿದೆ, ಬಿಡು. ನೆಟ್ಟಗಿದೆ, ಬಿಡು. ಹರಡಿದೆ, ಬೆಳ್ಳಗಿದೆ, ಜಾರುತ್ತದೆ. ತಿರುಚು, ಎಳೆ. ಬಟ್ಟೆ ಹರಿದ ಸದ್ದು. ಹನ್ನೊಂದೂವರೆ ಹೊತ್ತಿಗೆ ಬೆರಳುಗಳು ನನ್ನನ್ನು ಕೇಳದೆಯೇ ಮುಂದೆ ಹೋಗತೊಡಗಿದವು. ಒಂದು ಸಲ ಗುರುತು ಸಿಗದೆ ನಿಂತಾಗ ದೊಡ್ಡವ್ವ ಬಗ್ಗಿ ನೋಡಿ, ಅವಳೂ ಒಂದು ಗಳಿಗೆ ತಡೆದು, ಕಿತ್ತುಬಿಟ್ಟಳು. "ಅನುಮಾನ ಇದ್ರೆ ಕಿತ್ತಾಕು. ಒಂದ್ ರಾಗಿ ಹೋದ್ರೆ ಒಂದ್ ಹಿಡಿ ಹೋಯ್ತದೆ. ಅದು ಉಳಿದ್ರೆ ಮುಂದಿನ್ ವರ್ಸ ಸಾಲೇ ಹೋಯ್ತದೆ."

ಸಾಲು ಮುಗಿದ ಮೇಲೆ ಗುಡ್ಡೆಗಳನ್ನು ಒಟ್ಟು ಮಾಡಿದೆವು. ದೊಡ್ಡವ್ವ ನನ್ನದನ್ನು ಕೆದಕಿ ರಾಗಿ ಪೈರು ಆರಿಸಿ ಎಣಿಸಿದಳು. ಬೆಳಗಿನ ಗುಡ್ಡೆಯಲ್ಲಿ ಮೂವತ್ತೊಂದು, ಊಟದ ನಂತರದ್ದರಲ್ಲಿ ನಾಲ್ಕು. ಏನೂ ಹೇಳದೆ ಎಲ್ಲವನ್ನೂ ಒಂದೇ ಹೊರೆ ಕಟ್ಟಿದಳು. ಹಸುವಿಗೆ ಎರಡೂ ಒಂದೇ. ಬದುವಿನ ಮೇಲೆ ಕಿತ್ತ ತೆನೆ ಬಂದವನ್ನು ಮಾತ್ರ ಹೊರೆಗೆ ಸೇರಿಸಲಿಲ್ಲ. ಅವು ತಿಪ್ಪೆ ಸೇರಿದರೆ ಗೊಬ್ಬರದ ಜೊತೆ ಬಂಡಿ ಹತ್ತಿ ಹೊಲಕ್ಕೇ ವಾಪಸು ಬರುತ್ತವೆ. ಒಲೆಗೆ ಹಾಕಬೇಕೆಂದು ಬೇರೆ ಸಿವುಡು ಮಾಡಿದಳು.

"ಇಷ್ಟೇನಾ? ನೀನು ಕಲ್ಲಿನ ಮ್ಯಾಲೆ ಇಟ್ಕಂಡಿದ್ಯಲ್ಲ, ಕಾಳಿಂದು?"

ಜೇಬು ಮುಟ್ಟಿ ನೋಡಿಕೊಂಡೆ. ಮನೆಯಲ್ಲಿ ಇನ್ನೊಮ್ಮೆ ನೋಡೋಣವೆಂದು ಮಾಗಿದ ಎರಡು ತೆನೆ ಅಂಗಿಯ ಜೇಬಿಗೆ ಹಾಕಿಕೊಂಡದ್ದು ನಿಜ. ಆಗಲೇ ಎದೆ ಹತ್ತಿರ ಕಡಿತ ತಡೆಯಲಾರದೆ ಜೇಬು ಹೊರಮಗುಚಿ ಕೊಡವಿದ್ದೆ. ತೆನೆಯ ಕಡ್ಡಿ ಎರಡು ಕೈಗೆ ಸಿಕ್ಕವು, ಬರಿಯ ಬೋಳು ಕಡ್ಡಿ.

"ಎಲ್ ಕೊಡವ್ದೆ?"

"ಅಲ್ಲೇ, ಬದುವಿನ ಹತ್ರ."

"ಬದುವಿಂದ ಆ ಕಡೀಕಾ, ಈ ಕಡೀಕಾ?"

ಗಾಳಿ ಪಡುವಣದಿಂದ ಬೀಸುತ್ತಿತ್ತು. ನಾನು ಹೊಲದ ಕಡೆ ನೋಡಿದೆ. ದೊಡ್ಡವ್ವ ಹೊರೆ ಕೆಳಗಿಳಿಸಿ, ಕುಡ್ಲು ಸೊಂಟದಿಂದ ತೆಗೆದು, ನಾನು ನಿಂತಿದ್ದ ಜಾಗದ ಮೇಲ್ಮಣ್ಣನ್ನು ಮೆಲ್ಲಗೆ ಕೆರೆಯಲು ಕೂತಳು.